ನಿದ್ದೆ ಬರ್ತಿದೆ ಸರ್, ಕ್ಷಮಿಸಿ

ಕಳೆದ ವಾರ ನನ್ನ ಮ್ಯಾನೇಜರ್ ನನ್ನನ್ನು ಗಾಜಿನ ಕೋಣೆಗೆ ಕರೆದು ಕೂರಿಸಿದರು. ಅಪ್ರೈಸಲ್ ಕಾಲ, ವರ್ಷದ ಕೆಲಸಕ್ಕೆ ಅಂಕ ಹಾಕುವ ಹೊತ್ತು. ಎದುರಿಗೆ ಲ್ಯಾಪ್‌ಟಾಪ್, ಮುಖದಲ್ಲಿ ಸಾವಿನ ಮನೆಗೆ ಬಂದವರ ಗಾಂಭೀರ್ಯ.

"ಏನಾಗಿದೆ ನಿಮ್ಗೆ? ಮೊದ್ಲೆಲ್ಲ ನಡುರಾತ್ರಿ ಮೇಲ್ ಹಾಕಿದ್ರೂ ತಕ್ಷಣ ರಿಪ್ಲೈ ಬರ್ತಿತ್ತು. ಈಗ ಬೆಳಗಾಗ್ಬೇಕು. ಮನೇಲಿ ಏನಾದ್ರೂ ಪ್ರಾಬ್ಲಮ್ಮಾ?"

"ಇಲ್ಲ ಸರ್. ನಿದ್ದೆ ಬರ್ತಿದೆ," ಎಂದೆ.

ಅವರು ಲ್ಯಾಪ್‌ಟಾಪ್ ಮುಚ್ಚಿದರು. ನಿಜವಾಗಿಯೂ ಗಾಬರಿಯಾದಂತಿತ್ತು. "ಓ... ಡಾಕ್ಟರ್‌ಗೆ ತೋರಿಸಿದ್ರಾ?"

ತೋರಿಸಿದ್ದೆ ಸ್ವಾಮಿ. ಅದಕ್ಕೇ ನಿದ್ದೆ ಬರುತ್ತಿರುವುದು!

ಈ ಅಂಕಣವನ್ನು ಓದುತ್ತ ಬಂದವರಿಗೆ ಗೊತ್ತು, ನನಗೂ ನಿದ್ದೆಗೂ ವರ್ಷಗಟ್ಟಲೆಯಿಂದ ಎಣ್ಣೆ ಸೀಗೇಕಾಯಿ. ನನ್ನ ಗಂಡ ಬೊಮ್ಮಸಂದ್ರದ ಔಷಧಿ ಕಾರ್ಖಾನೆಯಲ್ಲಿ ಮೂರು ಶಿಫ್ಟ್‌ನಲ್ಲಿ ದುಡಿಯುವವನು. ಯಾವ ಶಿಫ್ಟ್ ಮುಗಿಸಿ ಬಂದರೂ ದಿಂಬು ಕಂಡ ಕೂಡಲೇ ಗೊರಕೆ. ಪಕ್ಕದಲ್ಲಿ ನಾನು ಸೂರು ನೋಡುತ್ತ ಮಲಗಿರುತ್ತಿದ್ದೆ. (ನಿದ್ದೆ ಬಾರದವರಿಗೆ ಪರರ ಗೊರಕೆಯಷ್ಟು ದೊಡ್ಡ ಅವಮಾನ ಇನ್ನೊಂದಿಲ್ಲ.)

ನಿದ್ದೆ ಬರುವುದಿಲ್ಲ ಎಂದು ಒಮ್ಮೆ ಬಾಯಿಬಿಟ್ಟು ನೋಡಿ. ಊರೆಲ್ಲ ವೈದ್ಯರಾಗುತ್ತಾರೆ. ಹಾಲಿಗೆ ಜಾಯಿಕಾಯಿ, ಅಂಗಾಲಿಗೆ ತುಪ್ಪ, ನೆತ್ತಿಗೆ ಹರಳೆಣ್ಣೆ. ಎಲ್ಲವನ್ನೂ ಮಾಡಿದೆ. ದಿಂಬಿನ ಕವರ್ ಹಾಳಾಯಿತು, ನಿದ್ದೆ ಬರಲಿಲ್ಲ. ನಮ್ಮ ಮನೆ ಓನರ್ ಮುನಿಯಮ್ಮ, ನಾವಿರುವ ಬಡಾವಣೆಗೆ ಬ್ರೂಕ್‌ಫೀಲ್ಡ್ ಎಂಬ ಹೆಸರು ಹುಟ್ಟುವ ಮೊದಲೇ ಅಲ್ಲಿ ರಾಗಿ ಬೆಳೆದವರು, ನನ್ನ ಕಣ್ಣಿನ ಸುತ್ತ ಕಪ್ಪು ನೋಡಿ ಮರುಗಿದರು. "ಇಂಗೆ ಗಸಗಸೆ ಅರ್ದು ಪಾಯಸ ಮಾಡ್ಕೊಂಡು ಕುಡಿಯವ್ವ, ಅದೆಂಗ್ ನಿದ್ದೆ ಬರಕಿಲ್ವೋ ನಾನೂ ನೋಡ್ತೀನಿ," ಎಂದು ತಾವೇ ಪಾತ್ರೆ ತುಂಬ ಮಾಡಿ ಕಳಿಸಿದರು. ಬಹಳ ರುಚಿಯಾಗಿತ್ತು. ನಾನು ದಪ್ಪಗಾದೆ.

ಇನ್ನು ಓದಿದವರ ಸಲಹೆಗಳಂತೂ ಕೇಳಲೇಬೇಡಿ. ಸಹೋದ್ಯೋಗಿಯೊಬ್ಬಳು ಫೋನಿಗೆ ನಿದ್ದೆಯ ಆ್ಯಪ್ ಹಾಕಿಕೊಟ್ಟಳು. ಅದು ಪ್ರತಿದಿನ ಬೆಳಿಗ್ಗೆ ಗ್ರಾಫ್ ಬರೆದು, ನಿಮಗೆ ನಿನ್ನೆ ಸರಿಯಾಗಿ ನಿದ್ದೆ ಬಂದಿಲ್ಲ ಎಂದು ಹೇಳುತ್ತಿತ್ತು. ಗೊತ್ತು ಮಾರಾಯ್ತಿ! ಅಲ್ಲೇ ಇದ್ದೆನಲ್ಲ ನಾನು? ಮತ್ತೆ ಕೆಲವರದು ಒಂದೇ ಗಾದೆ, ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ. ಅಂದರೆ ತಪ್ಪು ನನ್ನದೇ. ಈ ಗಾದೆ ಕಟ್ಟಿದ ಪುಣ್ಯಾತ್ಮನಿಗೆ ಇಎಂಐ ಇರಲಿಲ್ಲ, ಪರದೇಶದಲ್ಲಿ ಕೂತು ರಾತ್ರಿ ಮೇಲ್ ಹಾಕುವ ಆನ್‌ಸೈಟ್ ಟೀಮೂ ಇರಲಿಲ್ಲ.

ಆದರೆ ನನ್ನ ಕಾಯಿಲೆಯನ್ನು ಮೆಚ್ಚಿಕೊಂಡ ಒಂದೇ ಜಾಗವೆಂದರೆ ಆಫೀಸು. ಹೇಗೂ ಎಚ್ಚರವಿರುತ್ತಿದ್ದೆನಲ್ಲ, ದಿಂಬಿನ ಪಕ್ಕದ ಫೋನ್ ಮಿನುಗಿದರೆ ಉತ್ತರ ಬರೆಯುತ್ತಿದ್ದೆ. ಅದೇ ನನ್ನ ಕಮಿಟ್‌ಮೆಂಟ್ ಎಂದು ಹೆಸರಾಯಿತು. ಒಂದು ವರ್ಷ ಇಡೀ ಆಫೀಸಿನ ಎದುರು ವೇದಿಕೆಗೆ ಕರೆದು ಗಾಜಿನ ಫಲಕ ಕೊಟ್ಟರು. ಯಾವಾಗ ಕರೆದರೂ ಸಿಗುವವರು ಎಂದು ಹೊಗಳಿದರು, ಜನ ಚಪ್ಪಾಳೆ ಹೊಡೆದರು. ಸಕ್ಕರೆ ಕಾಯಿಲೆ ಇದ್ದವರಿಗೆ ಯಾರಾದರೂ ಫಲಕ ಕೊಡುತ್ತಾರೆಯೇ? ಆ ದಿನ ನನಗೂ ಹೆಮ್ಮೆಯೇ ಆಗಿತ್ತು ಎನ್ನಿ. ಮನೆಯ ಶೋಕೇಸಿನಲ್ಲಿ ಮಗಳು ಡ್ರಾಯಿಂಗ್ ಸ್ಪರ್ಧೆಯಲ್ಲಿ ಗೆದ್ದ ಕಪ್ ಸರಿಸಿ ಅದನ್ನಿಟ್ಟೆ.

ಆಮೇಲೆ ಆ ಬೆಳಿಗ್ಗೆ ಬಂತು.

ಮಗಳನ್ನು ಸ್ಕೂಟರಿನಲ್ಲಿ ಸ್ಕೂಲಿಗೆ ಬಿಡಲು ಹೊರಟಿದ್ದೆ. ಯಾರೋ ಕೊಟ್ಟ ನಿದ್ದೆ ಮಾತ್ರೆಯನ್ನು ಹಿಂದಿನ ರಾತ್ರಿ ನುಂಗಿದ್ದೆ. (ನಮ್ಮ ಟೆಕ್ ಪಾರ್ಕಿನಲ್ಲಿ ನಿದ್ದೆ ಮಾತ್ರೆಯನ್ನು ಚಾರ್ಜರ್ ಕೊಟ್ಟಷ್ಟೇ ಸಲೀಸಾಗಿ ಕೊಟ್ಟು ತೆಗೆದುಕೊಳ್ಳುತ್ತಾರೆ.) ರಾತ್ರಿ ಕೆಲಸ ಮಾಡದ ಮಾತ್ರೆ ಬೆಳಿಗ್ಗೆ ರಸ್ತೆಯಲ್ಲಿ ಕೆಲಸ ಶುರುಮಾಡಿತು. ದೊಡ್ಡ ಸದ್ದಾಗಿ ಕಣ್ಣು ಬಿಟ್ಟರೆ, ಸ್ಕೂಟರ್ ನಿಂತಿದ್ದ ನೀರಿನ ಟ್ಯಾಂಕರಿಗೆ ತಗುಲಿ ಬಿದ್ದಿತ್ತು. ಮಗಳ ಮೊಣಕೈ ತರಚಿತ್ತು. ಟಿಫನ್ ಡಬ್ಬಿಯ ಚಿತ್ರಾನ್ನ ರಸ್ತೆಯ ಮೇಲೆ ಚೆಲ್ಲಿತ್ತು.

ಅವಳು ಅಳಲಿಲ್ಲ. "ಅಮ್ಮ, ನೀನು ಕಣ್ಣು ಮುಚ್ಚಿದ್ದೆ. ನಾನು ಕನ್ನಡೀಲಿ ನೋಡ್ದೆ," ಎಂದಳು.

ಅಂದಿನಿಂದ ಅವಳಿಗೊಂದು ಅಭ್ಯಾಸ ಅಂಟಿಕೊಂಡಿತು. ಸ್ಕೂಟರಿರಲಿ, ಆಟೋ ಇರಲಿ, ನನ್ನ ಜೊತೆ ಎಲ್ಲಿಗೆ ಹೊರಟರೂ ಪ್ರತಿ ಸಿಗ್ನಲ್ಲಿನಲ್ಲಿ ನನ್ನ ಭುಜ ತಟ್ಟಿ, "ಅಮ್ಮ, ಎದ್ದಿದ್ದೀಯಾ?" ಎಂದು ಕೇಳುವುದು. ಮೂರನೇ ಕ್ಲಾಸಿನ ಹುಡುಗಿ ತಾಯಿಯನ್ನು ಕಾಯುತ್ತಿದ್ದಳು. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಭಯವಾಯಿತು.

ಹಾಗಾಗಿ ನಿದ್ದೆಗೆಂದೇ ಓದಿದ ಡಾಕ್ಟರ್ ಒಬ್ಬರನ್ನು ಹುಡುಕಿಕೊಂಡು ಹೋದೆ. ನನ್ನ ವಯಸ್ಸಿನವರೇ. ಮೊದಲು ರಕ್ತ ಪರೀಕ್ಷೆ ಮಾಡಿಸಿದರು, ಥೈರಾಯಿಡ್ ಸರಿಯಿದೆ ಎಂದರು. ಆಮೇಲೆ ಫೋನನ್ನು ದಿಂಬಿನ ಪಕ್ಕ ಏಕೆ ಇಡುತ್ತೀರಿ ಎಂದು ಕೇಳಿದರು. ಆಫೀಸಿನಿಂದ ಅರ್ಜೆಂಟ್ ಬರುತ್ತದೆ ಎಂದೆ.

"ನೀವೂ ಡಾಕ್ಟರಾ?"

ಅಲ್ಲ, ಸಾಫ್ಟ್‌ವೇರ್ ಟೆಸ್ಟಿಂಗ್ ಎಂದೆ. ಪರದೇಶದಲ್ಲಿ ಯಾರಿಗೋ ಚಪ್ಪಲಿಯ ಮೇಲೆ ರಿಯಾಯಿತಿ ಕೂಪನ್ ಕೆಲಸ ಮಾಡದಿದ್ದರೆ ನನಗೆ ಮೇಲ್ ಬರುತ್ತದೆ ಎಂದು ವಿವರಿಸುವಾಗ ನನ್ನ ದನಿ ನನಗೇ ಸಣ್ಣಗೆ ಕೇಳಿಸಿತು. ಡಾಕ್ಟರ್ ನಗಲಿಲ್ಲ. ನಕ್ಕಿದ್ದರೆ ಪರವಾಗಿರಲಿಲ್ಲ.

ಅವರು ಕೊಟ್ಟ ಚಿಕಿತ್ಸೆ ಕೇಳಿ. ಹಾಸಿಗೆಯಲ್ಲಿ ಕಡಿಮೆ ಹೊತ್ತು ಇರಬೇಕಂತೆ! ತಡವಾಗಿ ಮಲಗಬೇಕು, ದಿನವೂ ಒಂದೇ ಹೊತ್ತಿಗೆ ಏಳಬೇಕು, ಭಾನುವಾರವೂ. ನಿದ್ದೆ ಬಾರದಿದ್ದರೆ ಎದ್ದು ಹೋಗಿ ಬೇರೆ ಕಡೆ ಕೂರಬೇಕು. ಆಫೀಸಿಗೆ ಹೋಗುವ ಕ್ಯಾಬಿನಲ್ಲಿ ತೂಕಡಿಸುವಂತಿಲ್ಲ. ಗಡಿಯಾರದ ಮುಖ ಗೋಡೆಗೆ. ಫೋನ್ ಅಡುಗೆಮನೆಗೆ. ಯಾರೋ ಕೊಟ್ಟ ಮಾತ್ರೆ ಕಸದ ಬುಟ್ಟಿಗೆ. ಮೊದಲ ಕೆಲವು ವಾರ ಇನ್ನೂ ಸುಸ್ತಾಗುತ್ತದೆ, ಸ್ಕೂಟರ್ ಮುಟ್ಟಲೇಬಾರದು ಎಂದು ಕಟ್ಟುನಿಟ್ಟಾಗಿ ಹೇಳಿದರು.

ಹಸಿದು ಬಂದವಳಿಗೆ ಉಪವಾಸ ಮಾಡು ಎಂದರೆ ಸಿಟ್ಟು ಬರದೇ ಇರುತ್ತದೆಯೇ? ನನಗೂ ಬಂತು. "ಹಾಸಿಗೆ ಅಂದ್ರೆ ನಿಮಗೆ ಕುಸ್ತಿ ಅಖಾಡ ಆಗ್ಬಿಟ್ಟಿದೆ. ಅದನ್ನ ಮೊದ್ಲು ಮರೀಬೇಕು," ಎಂದರು ಡಾಕ್ಟರ್. ಮುನಿಯಮ್ಮನವರು ವಿಷಯ ಕೇಳಿ, ಇದ್ಯಾವ ಸೀಮೆ ಡಾಕ್ಟರು ಎಂದು ಮತ್ತೊಂದು ಪಾತ್ರೆ ಪಾಯಸ ಕಳಿಸಿದರು.

ಸುಲಭವಾಗಿತ್ತು ಎಂದು ಸುಳ್ಳು ಹೇಳುವುದಿಲ್ಲ. ಮೊದಲ ದಿನಗಳಲ್ಲಿ ಮಗಳನ್ನು ಆಟೋದಲ್ಲಿ ಸ್ಕೂಲಿಗೆ ಬಿಟ್ಟು, ಬಸ್ಸಿನಲ್ಲಿ ಕಂಬಿ ಹಿಡಿದು ನಿಂತೇ ಆಫೀಸಿಗೆ ಹೋದೆ, ಕೂತರೆ ನಿದ್ದೆ ಬಂದೀತೆಂದು. ಕಂಡವರ ಮೇಲೆಲ್ಲ ರೇಗಿದೆ. ಗಂಡ ನೈಟ್ ಶಿಫ್ಟ್ ಬದಲಿಸಿಕೊಳ್ಳಲು ಕಾರ್ಖಾನೆಯಲ್ಲಿ ಬೇಡಿಕೊಂಡ, ರಾತ್ರಿ ನನ್ನ ಜೊತೆ ಎದ್ದು ಕೂರಲು. (ಕೂತಲ್ಲೇ ಗೊರಕೆ ಹೊಡೆದ, ಅದು ಬೇರೆ ಮಾತು.) ಕೆಲವು ವಾರಗಳಾದ ಮೇಲೆ ಒಂದು ದಿನ ಅಲಾರಾಂ ಹೊಡೆದು ನನ್ನನ್ನು ಎಬ್ಬಿಸಿತು. ವರ್ಷಗಳ ನಂತರ ಅಲಾರಾಮಿಗೆ ನನ್ನ ಮನೆಯಲ್ಲಿ ಕೆಲಸ ಸಿಕ್ಕಿತ್ತು. ಹಾಸಿಗೆಯ ಮೇಲೆ ಕೂತು ಅತ್ತೆ. ಈಗಲೂ ಆಗಾಗ ನಿದ್ದೆ ಕೈಕೊಡುತ್ತದೆ, ಆದರೆ ನಾನು ಅದರ ಹಿಂದೆ ಓಡುವುದಿಲ್ಲ.

ಡಾಕ್ಟರ್ ಒಪ್ಪಿದ ಮೇಲೆ ಸ್ಕೂಟರ್ ಮತ್ತೆ ಹೊರಗೆ ಬಂತು. ಮಗಳು ಹಿಂದೆ ಕೂತಳು. ಭುಜ ತಟ್ಟುವುದನ್ನು ಮಾತ್ರ ಬಿಡಲಿಲ್ಲ.

ಇಷ್ಟೆಲ್ಲ ದಾಟಿ ಬಂದವಳಿಗೆ ಗಾಜಿನ ಕೋಣೆಯಲ್ಲಿ ಆ ಪ್ರಶ್ನೆ. ಎಲ್ಲವನ್ನೂ ಮ್ಯಾನೇಜರ್‌ಗೆ ಹೇಳಿದೆ, ಟ್ಯಾಂಕರಿನ ಕಥೆಯನ್ನೂ. ಅವರು ಕನಿಕರದಿಂದಲೇ ಕೇಳಿದರು. ಕೆಟ್ಟ ಮನುಷ್ಯರೇನಲ್ಲ, ಅವರ ಕಣ್ಣಿನ ಸುತ್ತಲೂ ಕಪ್ಪಿದೆ. ಆಮೇಲೆ ಮೆಲ್ಲಗೆ ಹೇಳಿದರು:

"ತುಂಬಾ ಒಳ್ಳೇದಾಯ್ತು. ಆದ್ರೆ ರಿಲೀಸ್ ಇರೋ ವಾರ ಮಾತ್ರ ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳೋಕಾಗಲ್ವಾ?"

ಆಗಲ್ಲ ಸರ್ ಎಂದೆ. ನನ್ನ ರೇಟಿಂಗ್ ಒಂದು ಮೆಟ್ಟಿಲು ಇಳಿಯಿತು. ಕೈಗೆ ಬರಬೇಕಿದ್ದ ಟೀಮ್ ಲೀಡ್ ಸ್ಥಾನ, ನಡುರಾತ್ರಿ ಉತ್ತರ ಬರೆಯುವ ಇನ್ನೊಬ್ಬರಿಗೆ ಹೋಯಿತು. ಅದೇ ಮಧ್ಯಾಹ್ನ ಕ್ಯಾಂಟೀನಿನ ಬಾಗಿಲಿಗೆ ಹೊಸ ಪೋಸ್ಟರ್ ಅಂಟಿಸಿದ್ದರು: ಉದ್ಯೋಗಿಗಳ ಆರೋಗ್ಯಕ್ಕಾಗಿ ನಿದ್ದೆಯ ಬಗ್ಗೆ ವಿಶೇಷ ಉಪನ್ಯಾಸ. ಆನ್‌ಸೈಟ್‌ನವರಿಗೂ ಅನುಕೂಲವಾಗಲೆಂದು ಇಟ್ಟ ಸಮಯ, ರಾತ್ರಿ ಹನ್ನೊಂದು.

ಮರುದಿನ ಮಗಳನ್ನು ಸ್ಕೂಲಿಗೆ ಬಿಡಲು ಹೊರಟೆ. ಕುಂದಲಹಳ್ಳಿ ಗೇಟಿನ ಸಿಗ್ನಲ್ಲಿನಲ್ಲಿ ಎಂದಿನಂತೆ ಕೆಂಪು ದೀಪ, ಎಂದಿನಂತೆ ಹೊಗೆ. ನಾನು ಭುಜ ಸಡಿಲಿಸಿ ಕಾದೆ. ಅವಳು ತಟ್ಟಲಿಲ್ಲ. ಕನ್ನಡಿಯಲ್ಲಿ ನೋಡಿದರೆ, ನನ್ನ ಕಣ್ಣು ನೋಡುವುದನ್ನೇ ಬಿಟ್ಟು ಪಕ್ಕದ ಲಾರಿಯಲ್ಲಿದ್ದ ಮೇಕೆಗಳ ಜೊತೆ ಮಾತಾಡುತ್ತಿದ್ದಳು.

ಈಗ ನೀವೇ ಹೇಳಿ, ಈ ವರ್ಷದ ನನ್ನ ಅಪ್ರೈಸಲ್ ನಡೆದದ್ದು ಗಾಜಿನ ಕೋಣೆಯಲ್ಲೋ, ಕುಂದಲಹಳ್ಳಿ ಗೇಟಿನಲ್ಲೋ?