ಕೆರೆಯಬಾರದ ಹಲಗೆ

ದೋಣಿ ರಿಪೇರಿ ಮಾಡುವ ಅಂಗಳದಲ್ಲಿ ಎಲ್ಲರೂ ಅವಳನ್ನು ಉಳಿಯಕ್ಕ ಎಂದೇ ಕರೆಯುತ್ತಾರೆ. ದಡಕ್ಕೆಳೆದ ದೋಣಿಗಳ ಅಡಿಯಲ್ಲಿ ಅಂಗಾತ ಮಲಗಿ, ತಳಕ್ಕೆ ಕಚ್ಚಿಕೊಂಡ ಚಿಪ್ಪುಗಳನ್ನು ಉಳಿಯಿಂದ ಕೆರೆಯುವುದರಲ್ಲೇ ಅವಳ ಪ್ರಾಯ ಕಳೆಯಿತು. ಈಗ ಬಲಗೈ ಭುಜದಿಂದ ಮೇಲೆ ಏಳುವುದಿಲ್ಲ. ಬೆಳಿಗ್ಗೆ ಅವಳ ತಲೆ ಬಾಚುವುದು ಗಂಡ.

"ಜಡೆ ಹಾಕ್ತಿದ್ದೀರೋ, ಹಗ್ಗ ಹೊಸೀತಿದ್ದೀರೋ?"

"ಸುಮ್ನೆ ಕೂತ್ಕೊ. ನಿನ್ನ ತಲೇಲೂ ಚಿಪ್ಪು ಬೆಳೆದಿದೆ."

ಹಾಗಾಗಿ ಪಕ್ಕದ ಸಮುದ್ರ ಸಂಶೋಧನೆಯ ಲ್ಯಾಬಿನ ಮೇಡಂ ಕರೆದು ಹಗುರವಾದ ಕೆಲಸ ಕೊಟ್ಟಾಗ ಅವಳಿಗೆ ಹೋದ ಜೀವ ಬಂದಂತಾಗಿತ್ತು. ದೋಣಿ ಕಟ್ಟುವ ಜೆಟ್ಟಿಯಿಂದ ನೀರಿಗೆ ಎರಡು ಹಲಗೆ ಇಳಿಬಿಟ್ಟಿದ್ದರು. ಒಂದಕ್ಕೆ ಹೊಸ ಬಣ್ಣ ಬಳಿದಿತ್ತು, ಇನ್ನೊಂದು ಬರೀ ಹಲಗೆ. ಹಗ್ಗ ಸವೆಯದಂತೆ, ಯಾರೂ ಮುಟ್ಟದಂತೆ ನೋಡಿಕೊಂಡರೆ ಸಾಕು.

"ಸಮುದ್ರದ ತಳದಲ್ಲಿ ಸ್ಪಂಜು ಅಂತ ಒಂದು ಜೀವಿ ಇರುತ್ತೆ ಅಕ್ಕಾ," ಎಂದು ಮೇಡಂ ವಿವರಿಸಿದ್ದರು. "ಕೂತ ಜಾಗ ಬಿಟ್ಟು ಕದಲಲ್ಲ. ಆದ್ರೂ ಅದರ ಮೈಮೇಲೆ ಚಿಪ್ಪು ಕೂರಲ್ಲ. ಮೈಯೊಳಗಿರೋ ಏನೋ ಒಂದು ಯಾರನ್ನೂ ಹತ್ತಿರ ಸೇರಿಸಲ್ಲ. ಅದನ್ನೇ ತೆಗೆದು ದೋಣಿಗೆ ಬಳಿಯೋ ಈ ಬಣ್ಣಕ್ಕೆ ಬೆರೆಸಿದ್ದೀವಿ."

"ನಮ್ಮತ್ತೆ ಥರ ಅನ್ನಿ."

ತಿಂಗಳುಗಳು ಕಳೆದ ಮೇಲೆ ಮೇಡಂ ಹೇಳಿದರು: "ನಾಳೆ ಇದಕ್ಕೆ ದುಡ್ಡು ಕೊಡೋ ದೊಡ್ಡವರು ನೋಡೋಕೆ ಬರ್ತಾರೆ. ಅವರು ಒಪ್ಪಿದ್ರೆ ಕೆಲಸ ಮುಂದುವರಿಯುತ್ತೆ."

ಒಪ್ಪದಿದ್ದರೆ ಉಳಿಯಕ್ಕ ಮತ್ತೆ ದೋಣಿಯ ಅಡಿಗೆ.

ಮರುದಿನ ಬೇಗ ಬಂದು ಎಡಗೈಯಿಂದ ಹಲಗೆಗಳನ್ನು ಎಳೆದುಕೊಂಡಳು. ಬಣ್ಣದ್ದಕ್ಕೆ ಬರೀ ಲೋಳೆ ಹತ್ತಿತ್ತು. ಇನ್ನೊಂದರ ತುಂಬ ಚಿಪ್ಪು, ಹಲಗೆಯೇ ಕಾಣದಷ್ಟು. ಇಬ್ಬರು ಮಕ್ಕಳಲ್ಲಿ ಒಬ್ಬ ಪಾಸಾಗಿ ಇನ್ನೊಬ್ಬ ಫೇಲಾದಂತೆ ಅವಳಿಗೆ ಅನ್ನಿಸಿತು. ಸೊಂಟದಿಂದ ಉಳಿ ತೆಗೆದಳು. ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡು, ಭುಜ ಉರಿಯುತ್ತಿದ್ದರೂ ಕೆರೆದು ಮುಗಿಸಿದಳು. ಲೋಳೆಯನ್ನೂ ಒರೆಸಿದಳು.

ಬಂದವರಲ್ಲಿ ಹಿರಿಯರೊಬ್ಬರು ಹಲಗೆಗಳನ್ನು ತಿರುಗಿಸಿ ನೋಡಿದರು. "ಎರಡೂ ಒಂದೇ ಥರ ಇವೆಯಲ್ಲಮ್ಮ. ಬಣ್ಣ ಹಾಕಿ ಏನು ಬಂತು?"

ಆಗಲೇ ಉಳಿಯಕ್ಕನಿಗೆ ತಾನು ಮಾಡಿದ್ದು ಹೊಳೆದದ್ದು.

"ನಾನೇ ಕೆರೆದೆ ಸಾರ್. ನೆಂಟರು ಬರ್ತಾರೆ ಅಂದ್ರೆ ಮನೆ ಗುಡಿಸಲ್ವಾ, ಹಾಗೆ."

ಯಾರೂ ನಗಲಿಲ್ಲ. "ಮತ್ತೆ ಮೊದಲಿಂದ ಮಾಡಿ," ಎಂದು ಹೇಳಿ ಅವರು ಹೊರಟರು. ಮೇಡಂ ಜೆಟ್ಟಿಯ ಅಂಚಿನಲ್ಲೇ ಕೂತರು.

"ಮುಟ್ಟಬೇಡಿ ಅಂದಿದ್ನಲ್ಲ ಅಕ್ಕಾ."

"ಬೇರೆಯವರು ಮುಟ್ಟಬಾರದು ಅಂದ್ಕೊಂಡೆ." ಉಳಿಯಕ್ಕ ಉಳಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕೇಳಿದಳು, "ನಾಳೆ ಬರ್ಲಾ, ಬೇಡ್ವಾ?"

ಮೇಡಂ ಎದ್ದು ಎರಡೂ ಹಲಗೆಗಳನ್ನು ಮತ್ತೆ ನೀರಿಗೆ ಇಳಿಬಿಟ್ಟರು. "ಬನ್ನಿ. ಉಳಿ ಮನೇಲಿಟ್ಟು ಬನ್ನಿ."

ಈಗ ಉಳಿಯಕ್ಕ ದಿನವೂ ಬರಿಗೈಯಲ್ಲಿ ಬಂದು ಕೂರುತ್ತಾಳೆ. ಕೈ ತಾನಾಗಿ ಸೊಂಟಕ್ಕೆ ಹೋಗುತ್ತದೆ. ತೊಡೆಯ ಕೆಳಗೆ ಅದುಮಿಟ್ಟುಕೊಳ್ಳುತ್ತಾಳೆ. ನೀರಿನೊಳಗಿನ ಬರೀ ಹಲಗೆಯತ್ತ ಬಗ್ಗಿ, ಇಷ್ಟು ವರ್ಷ ತನ್ನ ಭುಜ ತಿಂದವುಗಳಿಗೆ ಹೇಳುತ್ತಾಳೆ:

"ಬನ್ರಪ್ಪಾ, ಬೇಗ ಬಂದು ಕೂತ್ಕೊಳ್ಳಿ."