ಗಿರಣಿ ನಿಂತ ಹೊತ್ತು

ಬೆಳಿಗ್ಗೆ ಸ್ವಿಚ್ ಒತ್ತುವ ಮೊದಲು ನಡುಗೋಡೆಗೊಂದು ಗುದ್ದು ಹಾಕುವುದನ್ನು ಗಿರಣಿಯವಳು ಒಂದು ದಿನವೂ ತಪ್ಪಿಸಿದವಳಲ್ಲ. ಗೋಡೆಯಾಚೆ ಹೊಲಿಗೆ ಅಂಗಡಿ. ಅದರ ಹಿಂದಿನ ಕೋಣೆಯಲ್ಲೇ ಗೆಳತಿ ಸೂಜಿಯ ಸಂಸಾರ.

“ಎದ್ಯೇನೇ ಸೂಜಿ?”

“ನೀನು ಗುದ್ದಿದ ಮೇಲೆ ಹೆಣಾನೂ ಎದ್ದು ಕೂರುತ್ತೆ, ಹಿಟ್ಟುಗೊಂಬೆ!”

ಮಕ್ಕಳಾಗಲಿಲ್ಲವೆಂದು ಗಿರಣಿಯವಳ ಗಂಡ ಬೇರೊಬ್ಬಳನ್ನು ಕಟ್ಟಿಕೊಂಡು ಹೋಗಿದ್ದ. ಬೀಸಿಸಲು ಬಂದವರ ಕೂಸನ್ನು ಅವಳು ಸೊಂಟಕ್ಕೇರಿಸಿಕೊಂಡರೆ, ಹಿಟ್ಟು ಚೀಲ ಸೇರಿದರೂ ಇಳಿಸಲು ಮನಸ್ಸಿಲ್ಲ. ಸೂಜಿಗೆ ಬಸಿರು ನಿಲ್ಲುತ್ತಿತ್ತು, ಉಳಿಯುತ್ತಿರಲಿಲ್ಲ. ಬಚ್ಚಲಲ್ಲಿ ಜಾರಿ ಬಿದ್ದೆ ಎನ್ನುತ್ತಿದ್ದಳು. ಈ ಸಲ ಐದು ತಿಂಗಳು ತುಂಬಿತ್ತು. ದೇವರ ಮೇಲೆ ಭಾರ ಹಾಕಿ ಇಬ್ಬರೂ ದಿನ ನೂಕುತ್ತಿದ್ದರು.

ಅವತ್ತು ಬೀಸುತ್ತಿದ್ದಾಗಲೇ ಬೆಲ್ಟ್ ಪಟ್ಟನೆ ಹರಿಯಿತು. ಕಲ್ಲು ನಿಂತಿತು. ಗೋಡೆಯಾಚೆಯಿಂದ ಕೂಗು ಕೇಳಿತು.

“ಹೊಟ್ಟೆಗೆ ಬೇಡ ರೀ, ಹೊಟ್ಟೆಗೆ ಬೇಡ!”

ಗಿರಣಿಯವಳಿಗೆ ಆಗ ಅರ್ಥವಾಯಿತು. ಸೂಜಿಯ ಗಂಡ, ಆ ಪಾಪಿ, ಹೊಡೆಯಲು ಗಿರಣಿಯ ಸದ್ದು ಏಳುವುದನ್ನೇ ಕಾಯುತ್ತಿದ್ದ! ಇಲ್ಲಿ ತನ್ನ ಕಲ್ಲು ತಿರುಗುವಾಗಲೇ ಅಲ್ಲಿ ಆ ಕೂಸುಗಳು ಸತ್ತಿದ್ದವು.

ಬೆಲ್ಟ್ ಏರಿಸುವ ಕಬ್ಬಿಣದ ಸಲಾಕೆ ಹಿಡಿದು, ಬಾಗಿಲು ಒದ್ದು ನುಗ್ಗಿದಳು. ಸೂಜಿ ಹೊಲಿಗೆ ಯಂತ್ರದ ಕೆಳಗೆ ಮುದುಡಿದ್ದಳು. ಕಿವಿಯಿಂದ ರಕ್ತ ಸೋರುತ್ತಿತ್ತು. ಅಂಗಿಗೆ ಇಸ್ತ್ರಿ ಆಗಿಲ್ಲವೆಂಬುದು ಅವತ್ತಿನ ನೆಪ. ಗಂಡ ಮತ್ತೆ ಕಾಲೆತ್ತಿದ್ದ.

“ಇದು ಗಂಡ ಹೆಂಡ್ತಿ ವಿಷ್ಯ. ನಿಂಗೇನೇ ಗೊತ್ತು, ಬಂಜೆ?”

ಅವನು ಎತ್ತಿದ ಆ ಕಾಲಿಗೇ ಗಿರಣಿಯವಳು ಸಲಾಕೆ ಬಿಟ್ಟಳು. ಮೂಳೆ ಮುರಿದದ್ದು ಸಲಾಕೆ ಹಿಡಿದ ಕೈಗೇ ತಿಳಿಯಿತು. ಬೀಳುತ್ತಾ ಅವನು ಕೈಗೆ ಸಿಕ್ಕ ಕತ್ತರಿ ಬೀಸಿದ. ಅವಳ ಕೆನ್ನೆ ಸೀಳಿತು. ಮತ್ತೊಂದು ಏಟು ಅವನ ಮೊಣಕೈಗೆ. ಆಮೇಲೆ ತಲೆಗೇ ಎತ್ತಿದಳು. ಸೂಜಿ ತೆವಳಿ ಬಂದು ಅವಳ ಕಾಲು ತಬ್ಬಿದಳು.

“ಸಾಕು ಕಣೇ! ನೀನು ಜೈಲಿಗೆ ಹೋದ್ರೆ ನಂಗ್ಯಾರೇ ಗತಿ?”

ಸಲಾಕೆ ಇಳಿಯಿತು.

ಆಸ್ಪತ್ರೆಯಲ್ಲಿ ಅವನ ಮಂಚಕ್ಕೆ ಪೊಲೀಸರ ಕಾವಲು ಬಿತ್ತು. ಹೆಂಗಸರ ವಾರ್ಡಿನಲ್ಲಿ ಡಾಕ್ಟರಮ್ಮ ಹೊಟ್ಟೆ ಪರೀಕ್ಷಿಸಿ, ಮಗು ಗಟ್ಟಿಯಾಗಿದೆ ಎಂದರು. ಸೂಜಿ ಗೆಳತಿಯ ಕೆನ್ನೆ ನೋಡಿದಳು.

“ಹೊಲಿಗೆ ಸೊಟ್ಟ ಹಾಕಿದಾರೆ. ನಂಗೆ ಕೊಟ್ಟಿದ್ರೆ ಗೊತ್ತೇ ಆಗ್ತಿರ್ಲಿಲ್ಲ.”

“ನಗಿಸ್ಬೇಡ್ವೇ, ಕಿತ್ತು ಹೋಗುತ್ತೆ.”

ಸೂಜಿ ಅವಳ ಕೈ ಎಳೆದು ಹೊಟ್ಟೆಯ ಮೇಲಿಟ್ಟುಕೊಂಡಳು. “ಕೇಳು. ಹುಟ್ಟಿದ ಮೇಲೆ ಇದನ್ನ ನಿನ್ನ ಮಡಿಲಿಗೆ ಹಾಕ್ತೀನಿ. ಉಳಿಸಿದವಳು ನೀನು. ನಿಂದೇ ಕೂಸು.”

ಒಳಗಿಂದ ಒಂದು ಒದೆ ಬಿತ್ತು. ವರ್ಷಗಟ್ಟಲೆ ದೇವರಲ್ಲಿ ಬೇಡಿದ್ದು ಅಂಗೈಗೇ ತಾಗಿದಂತಾಯಿತು. ಗಿರಣಿಯವಳು ಮೆಲ್ಲಗೆ ಕೈ ತೆಗೆದಳು.

“ಬೇಡ ಕಣೇ. ಏಟು ತಿಂದು ಇದನ್ನ ಕಾದಿದ್ದು ನೀನು. ನಿನ್ನ ಕೂಸನ್ನ ನೀನೇ ಎತ್ತಿ ಆಡಿಸು.”