ಅಂಚೆಯಕ್ಕ ತಡೆದ ವಿಳಾಸಗಳು

ಆಫೀಸಿನಲ್ಲಿ ಎಲ್ಲರೂ ಅವಳನ್ನು ಅಂಚೆಯಕ್ಕ ಎಂದೇ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸಿ, ಆ ಕೆಲಸಕ್ಕೆ ಯಂತ್ರ ಬಂದಮೇಲೆ ಅವಳು ಸೇರಿದ್ದು ಇಂಟರ್‌ನೆಟ್ ವಿಳಾಸಗಳ ನೋಂದಣಿ ಕಚೇರಿಗೆ. “ಅಲ್ಲೂ ವಿಳಾಸ, ಇಲ್ಲೂ ವಿಳಾಸ. ಕುರ್ಚಿ ಬದಲಾಯ್ತು, ಹಣೆಬರಹ ಬದಲಾಗಲಿಲ್ಲ ನೋಡು,” ಎಂದು ಬಸ್ ಓಡಿಸುವ ಗಂಡ ರೇಗಿಸುತ್ತಿದ್ದ.

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಇಂಟರ್‌ನೆಟ್ಟಿಗೆ ಸೇರುವ ಪ್ರತಿ ಕಂಪ್ಯೂಟರಿಗೂ ಅಂಕಿಗಳ ಒಂದು ವಿಳಾಸ ಬೇಕು. ಯಾವ ಅಂಕಿ ಯಾರ ಹೆಸರಿನಲ್ಲಿದೆ ಎಂಬ ದಾಖಲೆ ಆ ಕಚೇರಿಯಲ್ಲಿತ್ತು. ಶುರುವಿನ ದಿನಗಳಲ್ಲಿ ಕೇಳಿದವರಿಗೆಲ್ಲ ಕೈಬಿಚ್ಚಿ ಕೊಟ್ಟುಬಿಟ್ಟಿದ್ದರು. ಈಗ ಹೊಸದು ಸಿಗುವುದೇ ಕಷ್ಟ. ಅದಕ್ಕೇ ಮುಚ್ಚಿಹೋದ ಕಂಪನಿಗಳ ಹೆಸರಿನಲ್ಲಿ ಮರೆತು ಬಿದ್ದಿರುವ ವಿಳಾಸಗಳ ಮೇಲೆ ಕಳ್ಳರ ಕಣ್ಣು. ಒಳ್ಳೆಯ ಹೆಸರಿನ ಹಳೆಯ ವಿಳಾಸದಿಂದ ಹೊರಟ ಮೋಸದ ಸಂದೇಶವನ್ನು ಯಾರೂ ಬೇಗ ಅನುಮಾನಿಸುವುದಿಲ್ಲ. ಹೀಗೆ ವಿಳಾಸಗಳು ಕೈ ಬದಲಾಯಿಸುವಾಗ ಕಾಗದಪತ್ರ ಸರಿಯಿದೆಯೇ ಎಂದು ನೋಡುವುದು ಅಂಚೆಯಕ್ಕನ ಕೆಲಸ.

ಒಂದು ಸೋಮವಾರ ಅವಳ ಮೇಜಿಗೆ ಒಂದು ಅರ್ಜಿ ಬಂತು. ಮಳೆ, ಗಾಳಿ ಅಳೆಯುವ ಉಪಕರಣ ಮಾಡುತ್ತಿದ್ದ ಒಂದು ಕಂಪನಿ ಎಂದೋ ಮುಚ್ಚಿತ್ತು. ಅದರ ಹೆಸರಿನಲ್ಲಿದ್ದ ಅರವತ್ತೈದು ಸಾವಿರ ಚಿಲ್ಲರೆ ವಿಳಾಸಗಳನ್ನು ತನಗೆ ವರ್ಗಾಯಿಸಬೇಕೆಂದು ಹೊಸ ಕಂಪನಿಯೊಂದು ಕೇಳಿತ್ತು. ಹಳೆಯ ಮಾಲೀಕರು ತೀರಿಕೊಂಡಿದ್ದಾರೆ, ಆದರೆ ಹದಿನಾರು ವರ್ಷದ ಹಿಂದೆಯೇ ಎಲ್ಲ ಹಕ್ಕನ್ನೂ ಬರೆದುಕೊಟ್ಟಿದ್ದಾರೆ ಎಂದು ಅವರ ಪತ್ರವನ್ನೂ ಲಗತ್ತಿಸಿತ್ತು. ಸಹಿ, ಮೊಹರು, ವಕೀಲರ ಮುದ್ರೆ ಎಲ್ಲ ಅಚ್ಚುಕಟ್ಟು. ಆದರೂ ಅವಳ ಕಣ್ಣು ಲೆಟರ್‌ಹೆಡ್ಡಿನ ಕೊನೆಯ ಸಾಲಿಗೇ ಹೋಗಿ ಹೋಗಿ ನಿಲ್ಲುತ್ತಿತ್ತು. ಮೂರನೆಯ ಸಲ ಓದಿದಾಗ ಗೊತ್ತಾಯಿತು. ಎದ್ದು ಸೀದಾ ಮೇಲಧಿಕಾರಿಯ ಕೋಣೆಗೆ ಹೋದಳು.

“ಸರ್, ಈ ಪತ್ರ ಹದಿನಾರು ವರ್ಷದ ಹಿಂದಿಂದಲ್ಲ.”

“ಯಾಕಮ್ಮ, ತಾರೀಖು ಇದೆಯಲ್ಲ?”

“ತಾರೀಖೇನೋ ಇದೆ. ಆದ್ರೆ ವಿಳಾಸದ ಕೊನೇಲಿರೋ ಈ ಪಿನ್‌ಕೋಡ್ ಸಂಖ್ಯೆ ಆವಾಗ ಹುಟ್ಟೇ ಇರಲಿಲ್ಲ. ಆ ಕಂಪನಿ ಇದ್ದ ಬಡಾವಣೆನ ಎರಡು ಭಾಗ ಮಾಡಿ ಹೊಸ ಸಂಖ್ಯೆ ಕೊಟ್ಟಿದ್ದು ಒಂಬತ್ತು ವರ್ಷದ ಹಿಂದೆ. ಆರು ತಿಂಗಳು ಎಲ್ರೂ ಹಳೇ ಸಂಖ್ಯೆನೇ ಬರೀತಿದ್ರು, ನಾನೇ ಬೈಕೊಂಡು ಬೈಕೊಂಡು ತಿದ್ದಿದೀನಿ.”

ಮೇಲಧಿಕಾರಿ ಕನ್ನಡಕ ತೆಗೆದು ಒರೆಸಿದರು. “ವಕೀಲರ ಮುದ್ರೆ ಇದೆ. ಒಂದು ಅಂಕಿ ಹಿಡ್ಕೊಂಡು ಕೂತ್ರೆ ನಾಳೆ ನಮ್ಮ ಮೇಲೇ ದೂರು ಬರುತ್ತಮ್ಮ.”

“ಬುಧವಾರದ ತನಕ ಬಿಡಿ ಸರ್. ನಂದೇ ತಪ್ಪಾದ್ರೆ ನಾನೇ ಕ್ಷಮೆ ಕೇಳ್ತೀನಿ.”

ಮರುದಿನ ಬೆಳಿಗ್ಗೆ ಗಂಡನ ಬಸ್ಸನ್ನೇ ಹತ್ತಿ ಆ ಬಡಾವಣೆಯಲ್ಲಿ ಇಳಿದಳು. ಹಳೆಯ ಕಂಪನಿ ಇದ್ದ ಜಾಗದಲ್ಲಿ ಈಗ ಪರದೆ ಹೊಲಿಯುವ ಅಂಗಡಿ. ಹೊಲಿಗೆಯವಳು ಯಂತ್ರ ನಿಲ್ಲಿಸದೆಯೇ ಗದ್ದ ಎತ್ತಿ ಮೆಟ್ಟಿಲು ತೋರಿಸಿದಳು. “ಆ ಕಂಪನಿ ನಡೆಸ್ತಿದ್ದ ಎಂಜಿನಿಯರ್ ತಾತ ಮೇಲ್ಗಡೆನೇ ಇದಾರಲ್ಲ. ಹೋಗಿ, ಎದ್ದಿರ್ತಾರೆ.”

ಅಂಚೆಯಕ್ಕ ಎರಡೆರಡು ಮೆಟ್ಟಿಲು ಹತ್ತಿ ಹೋಗಿ ಬಾಗಿಲು ತಟ್ಟಿದಳು. ತೀರಿಕೊಂಡವರು ಬಾಗಿಲು ತೆಗೆದರು. ಕೈಯಲ್ಲಿ ಅರ್ಧ ಸಿಪ್ಪೆ ಸುಲಿದ ಕಿತ್ತಳೆ. ಒಳಗೆ ಗೋಡೆಯುದ್ದಕ್ಕೂ ಮಳೆ ಅಳೆಯುವ ಗಾಜಿನ ಕೊಳವೆಗಳು, ಒಂದೊಂದಕ್ಕೂ ಅಂಟಿಸಿದ ಚೀಟಿ. ಅವಳು ಬಂದ ವಿಷಯ ಹೇಳಿ ಪತ್ರದ ಪ್ರತಿ ತೋರಿಸಿದಳು. ಅವರು ನಿಧಾನವಾಗಿ ಓದಿದರು.

“ಸಹಿ ನನ್ನದರ ಥರಾನೇ ಇದೆ. ಆದ್ರೆ ನಾನು ಹಾಕಿದ್ದಲ್ಲ. ಅಲ್ಲಮ್ಮಾ, ನಾನು ಸತ್ತ ವಿಷಯ ನನಗೊಂದು ಮಾತು ಹೇಳಬಾರದಿತ್ತಾ?”

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ನಿಂತಮೇಲೆ ತಾತನ ಮುಖ ಬಾಡಿತು. “ಕಂಪನಿ ಮುಚ್ಚಿದ ದಿನಾನೇ ಎಲ್ಲ ಮುಗೀತು ಅನ್ಕೊಂಡಿದ್ದೆ. ನನ್ನ ಹೆಸರಲ್ಲಿ ಇನ್ನೂ ಏನೋ ಉಳಿದಿದೆ ಅಂತ ಕಳ್ಳರಿಗೆ ಗೊತ್ತು, ನನಗೇ ಗೊತ್ತಿಲ್ಲ.”

ಬುಧವಾರ ಬೆಳಿಗ್ಗೆ ತಾತ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಗುರುತಿನ ಚೀಟಿ ಜೇಬಿನಲ್ಲಿಟ್ಟುಕೊಂಡು ಕಚೇರಿಗೆ ಬಂದರು. ಅವರನ್ನು ಕಂಡು ಮೇಲಧಿಕಾರಿ ಎದ್ದೇ ನಿಂತುಬಿಟ್ಟರು. ಅರ್ಜಿ ಅಲ್ಲಿಗೇ ನಿಂತಿತು. ಆದರೆ ಪರಿಶೀಲಿಸಿದಾಗ ಇನ್ನೊಂದು ಸಂಗತಿ ಬಯಲಾಯಿತು: ಒಪ್ಪಿಗೆಗೆ ಕಾಯದೆಯೇ ಕಳ್ಳರು ಅದೇ ಪತ್ರವನ್ನು ಇಂಟರ್‌ನೆಟ್ ಸೇವೆಯವರಿಗೆ ತೋರಿಸಿ ಆ ವಿಳಾಸಗಳನ್ನು ಬಳಸತೊಡಗಿದ್ದರು. ಆಸ್ಪತ್ರೆಯೊಂದರ ಜಾಲಪುಟದ ತದ್ರೂಪು ಮಾಡಿ ರೋಗಿಗಳ ಗುಟ್ಟಿನ ವಿವರಗಳನ್ನೆಲ್ಲ ಬಾಚಿಕೊಳ್ಳುತ್ತಿದ್ದರು.

ಆ ವಿಳಾಸಗಳಿಗೆ ದಾರಿ ಬಿಡಬೇಡಿ ಎಂದು ಇಂಟರ್‌ನೆಟ್ ಸೇವೆ ಕೊಡುವ ನಾಲ್ಕು ಕಂಪನಿಗಳಿಗೆ ಕಚೇರಿಯಿಂದ ಫೋನ್ ಹೋಯಿತು. ಮೂವರು ತಕ್ಷಣ ಒಪ್ಪಿದರು. ನಾಲ್ಕನೆಯವನು “ಲಿಖಿತವಾಗಿ ಕೊಡಿ, ವಾರ ಬಿಟ್ಟು ನೋಡೋಣ” ಎಂದು ಎಳೆದಾಡುತ್ತಿದ್ದಾಗ ತಾತ ಕೈಚಾಚಿ ಫೋನ್ ತೆಗೆದುಕೊಂಡರು. “ಆ ಕಂಪನಿ ಮಾಲೀಕ ನಾನೇ ಮಾತಾಡ್ತಿರೋದು. ಸೀಕಾಗಿರೋ ಜನ ನನ್ನ ಹೆಸರಲ್ಲಿರೋ ವಿಳಾಸದಿಂದ ಮೋಸ ಹೋಗ್ತಿದಾರಪ್ಪ. ಲಿಖಿತ ಬೇಕಾ? ಇಲ್ಲೇ ಕೂತು ಬರೀತೀನಿ, ನೀನು ಮೊದಲು ದಾರಿ ಮುಚ್ಚು.” ಮಧ್ಯಾಹ್ನ ಊಟದ ಹೊತ್ತಿಗೆ ಆ ನಕಲಿ ಪುಟ ಎಲ್ಲೂ ತೆರೆಯುತ್ತಿರಲಿಲ್ಲ. ಅಂಚೆಯಕ್ಕ ಹತ್ತು ಸಲ ಒತ್ತಿ ನೋಡಿ, ಆಮೇಲೆ ಬುತ್ತಿ ಬಿಚ್ಚಿದಳು.

ತಿಂಗಳೊಳಗೆ ಇಬ್ಬರು ಸಿಕ್ಕಿಬಿದ್ದರು. ಪತ್ರ ತಯಾರಿಸಿದವನು ಮಾತ್ರ ಇನ್ನೂ ಸಿಕ್ಕಿಲ್ಲ. ತಾತ ಆ ವಿಳಾಸಗಳನ್ನೆಲ್ಲ ಸಾರ್ವಜನಿಕ ಗ್ರಂಥಾಲಯಗಳ ಜಾಲಕ್ಕೆ ಬಿಟ್ಟುಕೊಟ್ಟರು. ಆದರೆ ಮನೆಗೆ ಹೋಗಿ ಸುಮ್ಮನೆ ಕೂರಲಿಲ್ಲ. ಆ ಕಾಲದ ಕಂಪನಿಗಳ ಜನರೆಲ್ಲ ಅವರಿಗೆ ಪರಿಚಯ. ಮೇಲಧಿಕಾರಿಯೇ ಕೇಳಿಕೊಂಡದ್ದರಿಂದ ವಾರಕ್ಕೆರಡು ದಿನ ಅಂಚೆಯಕ್ಕನ ಮೇಜಿನ ಪಕ್ಕ ಕುರ್ಚಿ ಹಾಕಿಕೊಂಡು, ಹಳೆಯ ಮಾಲೀಕರ ಪಟ್ಟಿಯ ಮೇಲೆ ಬೆರಳಾಡಿಸುತ್ತಾರೆ. “ಇವನು ಇದಾನೆ, ಕಿವಿ ಸ್ವಲ್ಪ ಮಂದ. ಈಯಮ್ಮ ಮಗಳ ಮನೇಲಿದಾಳೆ, ನಂಬರ್ ಕೊಡ್ತೀನಿ.” ನಾಲ್ಕು ತಿಂಗಳಲ್ಲಿ ಹನ್ನೊಂದು ಮಾಲೀಕರು ಸಿಕ್ಕಿದ್ದಾರೆ; ಇನ್ನೆರಡು ಕಳ್ಳ ಅರ್ಜಿಗಳು ಬಾಗಿಲಲ್ಲೇ ನಿಂತಿವೆ.

ಈಗ ಹನ್ನೆರಡನೆಯವರ ಸರದಿ. ಅಂಚೆಯಕ್ಕ ಫೋನ್ ಹಚ್ಚಿ, “ನಮಸ್ಕಾರಮ್ಮ, ಇಂಟರ್‌ನೆಟ್ಟಲ್ಲಿ ನಿಮ್ಮ ಹೆಸರಿಗೆ ಒಂದಷ್ಟು ಜಾಗ ಇದೆ, ನೆನಪಿದೆಯಾ?” ಎಂದು ಕೇಳುತ್ತಿದ್ದಾಳೆ.